ಪಾತ್ರ ನಮ್ಮದಾಗುವುದು ಯಾವಾಗ?

ಹತ್ತಾರು ಗಂಟೆ ಬೇಡುವ ರೋಲ್ ಪ್ಲೇಯಿಂಗ್ ಗೇಮ್‌ (ಆರ್‌ಪಿಜಿ) ಬಗ್ಗೆ ಆರಂಭದಲ್ಲೇ ಅಭಿಪ್ರಾಯ ಹೇಳುವುದು ಆತುರ ಎನ್ನುವವರಿದ್ದಾರೆ. ಕಥೆಯ ಮಟ್ಟಿಗೆ ಆ ಮಾತು ಸರಿ. ಆದರೆ ನಾವು ಮಾಡಿದ್ದಕ್ಕೆ ಆ ಲೋಕ ಮರುಮಾತು ಕೊಡುತ್ತದೆಯೇ ಇಲ್ಲವೇ ಎಂಬುದು ಮೊದಲ ಕೆಲವು ಗಂಟೆಗಳಲ್ಲೇ ಗೊತ್ತಾಗಿಬಿಡುತ್ತದೆ. ಆರ್‌ಪಿಜಿಯ ಜೀವ ಇರುವುದೇ ಅಲ್ಲಿ. 2025ರ ಮೊದಲ ನಾಲ್ಕು ತಿಂಗಳಲ್ಲಿ ಬಂದ ಮೂರು ಗೇಮ್‌ಗಳನ್ನು ಈ ದೃಷ್ಟಿಯಿಂದಲೇ ನೋಡಬೇಕು ಅನ್ನಿಸುತ್ತದೆ.

ಫೆಬ್ರುವರಿ 4ರಂದು ಬಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2’ ನಮ್ಮನ್ನು 1403ರ ಬೊಹೀಮಿಯಾಕ್ಕೆ ಒಯ್ಯುತ್ತದೆ. ರಾಜ ನಾಲ್ಕನೆಯ ವೆನ್ಸೆಸ್ಲಾಸ್ ಮಲತಮ್ಮ ಸಿಗಿಸ್ಮಂಡ್‌ನ ಸೆರೆಯಲ್ಲಿದ್ದಾನೆ, ನಾಡು ಎರಡು ಪಾಲಾಗಿದೆ. ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್ ಕಟ್ಟಿದ ಈ ಗೇಮ್‌ನಲ್ಲಿ ಡ್ರ್ಯಾಗನ್ ಇಲ್ಲ, ಮಂತ್ರದಂಡ ಇಲ್ಲ. ನಾಯಕ ಹೆನ್ರಿ ಕಮ್ಮಾರನ ಮನೆಯಲ್ಲಿ ಬೆಳೆದವನು. ಒಡೆಯನ ಜೊತೆ ಪತ್ರವೊಂದನ್ನು ತಲುಪಿಸಲು ಹೊರಟು, ದಾರಿಯಲ್ಲೇ ದಾಳಿಗೆ ಸಿಕ್ಕಿ, ಕುದುರೆ, ಕತ್ತಿ, ಕವಚ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಅಲ್ಲಿಂದಾಚೆಗೆ ಹೊಟ್ಟೆಪಾಡು. ಮೈಮೇಲಿನ ಬಟ್ಟೆ ಕೊಳಕಾಗಿದ್ದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಮಾತಿಗೆ ಬೆಲೆ ಕೊಡುವುದಿಲ್ಲ. ಒಂದು ಮನೆಯಲ್ಲಿ ಕದ್ದರೆ, ಕಣ್ಣಾರೆ ಕಂಡವರು ಇಲ್ಲದಿದ್ದರೂ ಆ ಹೊತ್ತಿನಲ್ಲಿ ಅಲ್ಲಿ ಸುಳಿದಾಡಿದ್ದಕ್ಕೇ ಅನುಮಾನ ನಮ್ಮ ಮೇಲೆ ಬೀಳುತ್ತದೆ. ಬೇಕೆಂದಾಗ ಗೇಮ್ ಸೇವ್ ಮಾಡಲು ಒಂದು ಬಗೆಯ ಮದ್ಯ ಕುಡಿಯಬೇಕು. ಅದನ್ನು ಕೊಳ್ಳಬೇಕು, ಇಲ್ಲವೇ ಗಿಡಮೂಲಿಕೆ ತಂದು ಕುದಿಸಿ ತಯಾರಿಸಬೇಕು.

ಇದು ಕಿರಿಕಿರಿ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ದಿನದ ಕೆಲಸ ಮುಗಿಸಿ ರಾತ್ರಿ ಒಂದೇ ತಾಸು ಆಡಲು ಕೂರುವವರಿಗೆ ಸೇವ್ ಮಾಡುವುದೂ ದುಬಾರಿಯಾದರೆ ಹೇಗೆ? ಗೇಮ್‌ನಿಂದ ಹೊರಬರುವಾಗ ಅದು ತಾನಾಗಿ ಸೇವ್ ಆಗುತ್ತದೆ, ಹಾಸಿಗೆಯಲ್ಲಿ ಮಲಗಿದರೂ ಆಗುತ್ತದೆ ಎಂಬುದು ಸಮಾಧಾನ. ಆದರೂ ಈ ಬಿಗಿಯನ್ನು ನಾನು ಮೆಚ್ಚುತ್ತೇನೆ. ತಪ್ಪು ಮಾಡಿ ಹಿಂದಕ್ಕೆ ಓಡುವ ದಾರಿ ಸುಲಭವಿಲ್ಲದಾಗ, ಪ್ರತಿ ಮಾತನ್ನೂ ತೂಗಿ ಆಡುತ್ತೇವೆ. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ, ಮಗ್ಗುಲು ಬದಲಿಸುತ್ತಾ ಬಡಿದು, ನೀರಿನಲ್ಲಿ ಅದ್ದಿ ತೆಗೆದ ಮೊದಲ ಕತ್ತಿಯ ಬಗ್ಗೆ ಹುಟ್ಟುವ ಅಭಿಮಾನ, ಪೆಟ್ಟಿಗೆ ತೆರೆದಾಗ ಸಿಕ್ಕ ಹತ್ತು ಕತ್ತಿಗಳ ಮೇಲೆ ಹುಟ್ಟುವುದಿಲ್ಲ.

ಎರಡೇ ವಾರಗಳ ನಂತರ ಬಂದ ‘ಅವೌಡ್’ ಇದಕ್ಕೆ ಎದುರು ದಿಕ್ಕಿನದು. ‘ಅವೌಡ್’ ಕಟ್ಟಿದ ಅಮೆರಿಕದ ಆಬ್ಸಿಡಿಯನ್ 2010ರಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿದ ಸಂಸ್ಥೆ, ಹಾಗಾಗಿ ನಿರೀಕ್ಷೆ ದೊಡ್ಡದಿತ್ತು. ಒಂದು ಕೈಯಲ್ಲಿ ಮಂತ್ರದಂಡ, ಇನ್ನೊಂದರಲ್ಲಿ ಪಿಸ್ತೂಲು ಹಿಡಿದು ಹೋರಾಡುವುದು, ಗೋಡೆ, ಬಂಡೆ ಹತ್ತಿ ಮೂಲೆಮೂಲೆ ಹುಡುಕುವುದು ತುಂಬ ಸೊಗಸು. ಸಂಭಾಷಣೆಯ ನಡುವೆಯೇ ಗೊತ್ತಿಲ್ಲದ ಊರು, ದೇವತೆ, ಪಂಗಡಗಳ ವಿವರ ತೆರೆದು ಓದುವ ಸೌಲಭ್ಯವನ್ನು ಎಲ್ಲರೂ ಅನುಸರಿಸಬೇಕು. ಆದರೆ ಪ್ಯಾರಡಿಸ್ ಪಟ್ಟಣದಲ್ಲಿ ಯಾರದೋ ಮನೆಗೆ ನುಗ್ಗಿ, ಅವರ ಕಣ್ಣೆದುರೇ ಹಣ ಎತ್ತಿಕೊಂಡರೂ ಕೇಳುವವರಿಲ್ಲ. ನಾನು ಸಾಮ್ರಾಜ್ಯದ ರಾಯಭಾರಿ ಎಂದು ಕಥೆ ಮತ್ತೆ ಮತ್ತೆ ಹೇಳುತ್ತದೆ, ಆ ಪಟ್ಟಣದ ಬೀದಿಗೆ ಮಾತ್ರ ಅದು ಗೊತ್ತಿಲ್ಲ. ಲೋಕ ಎಷ್ಟು ಚೆಂದವಿದ್ದರೂ ಅಲ್ಲಿ ನಾನು ಅತಿಥಿಯಾಗಿಯೇ ಉಳಿದೆ.

ಏಪ್ರಿಲ್ 24ರಂದು ಬಂದ ‘ಕ್ಲೇರ್ ಅಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ನನ್ನ ಅಳತೆಗೋಲನ್ನೇ ಅಲುಗಾಡಿಸಿತು. ಫ್ರಾನ್ಸಿನ ಮಾಂಪೆಲಿಯೇ ನಗರದ ಸ್ಯಾಂಡ್‌ಫಾಲ್ ಇಂಟರ್‌ಆ್ಯಕ್ಟಿವ್‌ನ ಮೊದಲ ಗೇಮ್ ಇದು, ಮುಖ್ಯ ತಂಡದಲ್ಲಿದ್ದದ್ದು ಸುಮಾರು ಮೂವತ್ತು ಜನ. ಇಲ್ಲಿ ಕಥೆಯ ದಾರಿ ಬಹುಪಾಲು ನಿಗದಿಯಾಗಿದೆ. ವರ್ಷಕ್ಕೊಮ್ಮೆ ಪೇಂಟ್ರೆಸ್ ಎಂಬಾಕೆ ದೂರದ ಸ್ತಂಭದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಕಣ್ಣೆದುರೇ ಕರಗಿಹೋಗುತ್ತಾರೆ. ವರ್ಷದಿಂದ ವರ್ಷಕ್ಕೆ ಸಂಖ್ಯೆ ಇಳಿಯುತ್ತಲೇ ಇದೆ. ಲ್ಯೂಮಿಯೇರ್ ಪಟ್ಟಣದ ಬೀಳ್ಕೊಡುಗೆಯಲ್ಲಿ ಹೋಗುವವರು ಹೂಮಾಲೆ ಧರಿಸಿ ನಿಂತಿದ್ದಾರೆ. ಮನೆಯ ಸಾಮಾನನ್ನು ಬೀದಿಗೆ ತಂದು ಇಟ್ಟಿದ್ದಾರೆ. ಇನ್ನೊಂದೇ ವರ್ಷ ಉಳಿದಿರುವ ಗುಸ್ತಾವ್ ತನ್ನ ಹಳೆಯ ಪ್ರೇಯಸಿಯ ಕೈ ಹಿಡಿದು ಬಂದರಿನತ್ತ ನಡೆಯುವಾಗ ನಾವು ಮಾಡುವುದು ಜೊತೆಗೆ ನಡೆಯುವುದಷ್ಟೇ. ಆಯ್ಕೆಯಿಲ್ಲದ ಆ ನಡಿಗೆಯೇ ನನ್ನನ್ನು ಅವನ ಪಾತ್ರದೊಳಗೆ ಇಳಿಸಿತು.

ಈ ಗೇಮ್‌ನಲ್ಲಿ ಮರುಮಾತು ಸಿಗುವುದು ಹೋರಾಟದಲ್ಲಿ. ಸರದಿಯ ಪ್ರಕಾರ ಹೊಡೆದಾಡುವ ಹಳೆಯ ಪದ್ಧತಿಯಲ್ಲಿ ಎದುರಾಳಿಯ ಸರದಿ ಬಂದಾಗ ಕೈಕಟ್ಟಿ ಕೂರಬೇಕಿತ್ತು. ಇಲ್ಲಿ ಅವನ ಏಟಿನ ಲಯ ಹಿಡಿದು ತಪ್ಪಿಸಿಕೊಳ್ಳಬೇಕು ಅಥವಾ ತಡೆದು ತಿರುಗಿ ಹೊಡೆಯಬೇಕು. ಕಿವಿಗೊಟ್ಟರೆ ಸಂಗೀತದಂತೆ ಕಲಿಯಬಹುದು. ಬೆರಳಿನ ವೇಗ ಕಡಿಮೆಯಿರುವವರಿಗೆ ‘ಸ್ಟೋರಿ’ ಮಟ್ಟ ಇದೆ. ಕಾಡುಮೇಡುಗಳಲ್ಲಿ ಮ್ಯಾಪ್ ಇಲ್ಲದಿರುವುದು ಮಾತ್ರ ಅನವಶ್ಯಕ ತೊಡಕು.

ಈ ಮೂರೂ ಮಾತಿನ ಮೇಲೆ ನಿಂತ ಗೇಮ್‌ಗಳು. ಮಾತುಕತೆಯಲ್ಲಿ ಯಾವ ಉತ್ತರ ಆರಿಸಿದೆವು ಎಂಬುದರ ಮೇಲೆ ಹೆನ್ರಿಯ ಕುತ್ತಿಗೆ ಉಳಿಯುವುದೋ ಹೋಗುವುದೋ ಇದೆ. ಆದರೆ ಮೂರರಲ್ಲಿ ಒಂದಕ್ಕೂ ಕನ್ನಡದ ಸಬ್‌ಟೈಟಲ್ ಇಲ್ಲ. ಇಂಗ್ಲಿಷ್ ಅಷ್ಟಾಗಿ ಒಗ್ಗದ ಹಾಸನದ ಅಥವಾ ಬೀದರ್‌ನ ಹುಡುಗ, ಹುಡುಗಿಯರು ಶೂಟಿಂಗ್ ಗೇಮ್‌ಗಳಲ್ಲಿ ಯಾರಿಗೂ ಕಡಿಮೆಯಿಲ್ಲ. ಆರ್‌ಪಿಜಿಯಲ್ಲಿ ಮಾತ್ರ ಅವರು ಉತ್ತರಗಳನ್ನು ಅಂದಾಜಿನ ಮೇಲೆ ಒತ್ತಬೇಕಾಗುತ್ತದೆ.