ಕಡಲಿನ ಮೊರೆಯನ್ನು ಕೇಳುವವರಾರು?

ರಾಷ್ಟ್ರದ ಏಳಿಗೆಯನ್ನು ಅಳೆಯುವವರು ಅದರ ಗಿರಣಿಗಳನ್ನೂ ಹೆದ್ದಾರಿಗಳನ್ನೂ ಎಣಿಸುವುದು ವಾಡಿಕೆ. ಆದರೆ ಆ ರಾಷ್ಟ್ರದ ಬಡ ಪ್ರಜೆಯೊಬ್ಬನು ಆಪತ್ತಿಗೆ ಸಿಲುಕಿ ಮೊರೆಯಿಟ್ಟಾಗ ಆ ಮೊರೆಯು ಎಷ್ಟು ದೂರ ಕೇಳಿಸುವುದು, ಕೇಳಿದವರು ಎಷ್ಟು ಬೇಗ ಓಡಿಬರುವರು ಎಂಬುದೂ ಒಂದು ಅಳತೆಗೋಲೇ ಸರಿ. ಈ ಕೋಲಿನಿಂದ ನಮ್ಮ ಕರಾವಳಿಯನ್ನು ಅಳೆದು ನೋಡಬೇಕೆಂದು ಮಹಾಜನರನ್ನೂ ಅಧಿಕಾರಿವರ್ಗದವರನ್ನೂ ಪ್ರಾರ್ಥಿಸುತ್ತೇವೆ.

2018ನೆಯ ಇಸವಿಯ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ವೆಂಬ ದೋಣಿಯು 7 ಮಂದಿ ಮೀನುಗಾರರನ್ನು ಹೊತ್ತು ಆಳಸಮುದ್ರಕ್ಕೆ ಹೊರಟಿತು. ಎರಡು ದಿನಗಳಲ್ಲಿ ಅದರ ಸಂಪರ್ಕವು ಕಡಿದುಹೋಯಿತು. ನೌಕಾಪಡೆಯೂ ಕೋಸ್ಟ್ ಗಾರ್ಡ್ ಎನಿಸಿಕೊಂಡಿರುವ ತಟರಕ್ಷಣಾ ಪಡೆಯೂ ಹುಡುಕಾಟಕ್ಕಿಳಿದುವು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಯನ್ನು ತಡೆದು ತಮ್ಮ ಸಂಕಟವನ್ನು ಲೋಕಕ್ಕೆ ತಿಳಿಸಿದರು. ದೋಣಿಯ ಅವಶೇಷವು ಮಹಾರಾಷ್ಟ್ರದ ಮಾಲವಣದಾಚೆಯ ಕಡಲತಳದಲ್ಲಿ ಸಿಕ್ಕಿದುದು 2019ರ ಮೇ ತಿಂಗಳ ಆರಂಭದಲ್ಲಿ. ದುರಂತದ ಕಾರಣವನ್ನು ಕುರಿತು ನಡೆದ ವಾಗ್ವಾದವನ್ನು ಮತ್ತೆ ಎಬ್ಬಿಸುವುದು ನಮ್ಮ ಉದ್ದೇಶವಲ್ಲ. ಕಡಲ ಮೇಲಿನ ಒಂದು ಬಿಂದುವನ್ನು ತಿಳಿಯುವುದಕ್ಕೆ ಒಂದು ರಾಷ್ಟ್ರಕ್ಕೆ ನಾಲ್ಕೂವರೆ ತಿಂಗಳು ಹಿಡಿಯಿತೆಂಬುದೊಂದನ್ನೇ ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ.

ದೊಡ್ಡ ಯಾಂತ್ರಿಕ ದೋಣಿಗಳಲ್ಲಿ ವೈರ್‌ಲೆಸ್ ಇರುವುದುಂಟು. ಆದರೆ ಅದು ದೋಣಿಗೆ ಕೂಡಿಸಿದ ಯಂತ್ರ. ದೋಣಿಯ ಬ್ಯಾಟರಿಯೇ ಅದಕ್ಕೆ ಪ್ರಾಣ. ದೋಣಿಯು ಮಗುಚಿದರೆ ಅದೂ ಮುಳುಗುವುದು. ನೀರಿನಲ್ಲಿ ತೇಲುತ್ತಿರುವ ಮನುಷ್ಯನಿಗೆ ಅದರಿಂದ ಪ್ರಯೋಜನವಿಲ್ಲ. ಕೈಯಲ್ಲಿ ಹಿಡಿಯುವ ಸಾಗರ ರೇಡಿಯೋವು ಮನುಷ್ಯನೊಡನೆಯೇ ಇರುವ ಸಾಧನ. ಅದು ಅಂಗೈಯಲ್ಲಿ ಹಿಡಿಸುವುದು, ನೀರನ್ನು ಒಳಗೆ ಬಿಟ್ಟುಕೊಳ್ಳದು. ಕೆಲವು ಜಾತಿಯವು ನೀರಿನ ಮೇಲೆ ತೇಲುವುವು. 16ನೆಯ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಆಪತ್ತಿನ ಕರೆಗಾಗಿಯೇ ಲೋಕದ ಎಲ್ಲ ರಾಷ್ಟ್ರಗಳೂ ಒಪ್ಪಿದ ಹಾದಿ. ‘ಮೇಡೇ’ ಎಂದು ಮೂರು ಸಲ ಕೂಗಿ, ದೋಣಿಯ ಹೆಸರು, ಇರುವ ಸ್ಥಳ, ಒದಗಿದ ಆಪತ್ತು, ದೋಣಿಯಲ್ಲಿರುವ ಜನರ ಸಂಖ್ಯೆ ಇಷ್ಟನ್ನು ಕ್ರಮವಾಗಿ ಹೇಳಿದರೆ, ಕೇಳಿದ ಪ್ರತಿಯೊಂದು ಹಡಗೂ ನೆರವಿಗೆ ಧಾವಿಸಲು ಸಮುದ್ರಧರ್ಮದಿಂದ ಬದ್ಧವಾಗಿದೆ.

ಈ ಧರ್ಮವು ಸುಲಭವಾಗಿ ಹುಟ್ಟಿದುದಲ್ಲ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗುತ್ತಿದ್ದಾಗ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಒಬ್ಬನೇ ತಂತಿಗಾರನು ಯಂತ್ರವನ್ನು ನಿಲ್ಲಿಸಿ ಮಲಗಿದ್ದನು. 1,500ರಷ್ಟು ಜನರು ಪ್ರಾಣ ಕಳೆದುಕೊಂಡ ಮೇಲೆ, 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಆ ಒಪ್ಪಂದದ ಇಂದಿನ ರೂಪವು 500 ಟನ್ನಿಗೆ ಮೇಲ್ಪಟ್ಟ ಸರಕಿನ ಹಡಗಿನಲ್ಲಿ ಇಂತಹ ಕೈರೇಡಿಯೋಗಳು ಕನಿಷ್ಠ 3 ಇರಬೇಕೆಂದೂ, 300ರಿಂದ 500 ಟನ್ನಿನವುಗಳಲ್ಲಿ 2 ಇರಬೇಕೆಂದೂ ವಿಧಿಸಿದೆ. ಆದರೆ ಮೀನುಗಾರರ ದೋಣಿಗಳು ಸಾಮಾನ್ಯವಾಗಿ ಈ ವಿಧಿಯ ಹೊರಗೇ ಉಳಿದಿವೆ. ಸರಕನ್ನು ಹೊತ್ತ ಹಡಗಿನ ನಾವಿಕನ ಪ್ರಾಣವನ್ನು ಕಾನೂನು ಎಣಿಸಿದೆ. ನಮ್ಮ ಊಟದೆಲೆಗೆ ಮೀನನ್ನು ತರುವ ಮೊಗವೀರನ, ಖಾರ್ವಿಯ, ಅಂಬಿಗನ ಪ್ರಾಣವು ಟನ್ನಿನ ಲೆಕ್ಕದಲ್ಲಿ ತಪ್ಪಿಹೋಗಿದೆ. ಸ್ವತಂತ್ರ ರಾಷ್ಟ್ರವೊಂದು ಈ ಲೆಕ್ಕವನ್ನು ಒಪ್ಪಿಕೊಂಡು ಸುಮ್ಮನಿರುವುದು ನ್ಯಾಯವೇ?

ಕೈರೇಡಿಯೋವು ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವವರಲ್ಲ. ಅದರ ಅಲೆಗಳು ಬಹುಮಟ್ಟಿಗೆ ನೇರವಾಗಿ ಹೋಗುವುವು; ಭೂಮಿಯ ಬಾಗನ್ನು ದಾಟಲಾರವು. ನೀರಿನ ಮಟ್ಟದಿಂದ ಕೂಗಿದ ದನಿಯು ಮತ್ತೊಂದು ಸಣ್ಣ ದೋಣಿಗೆ ಕೆಲವೇ ಕಿಲೋಮೀಟರುಗಳವರೆಗೆ, ಎತ್ತರದ ಕಂಬವುಳ್ಳ ಹಡಗಿಗೆ ಸುಮಾರು 20 ಕಿಲೋಮೀಟರುಗಳವರೆಗೆ ಮುಟ್ಟೀತು. ಅದಕ್ಕೂ ದೂರ ಹೋಗುವವರಿಗೆ ಉಪಗ್ರಹದ ಆಶ್ರಯವೇ ಬೇಕು. ನಮ್ಮ ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋವು ನಿರ್ಮಿಸಿದ ಆಪತ್ಸೂಚಕ ಯಂತ್ರವು 2024ರಲ್ಲಿ ಹೊಸ ರೂಪವನ್ನು ತಾಳಿದ್ದು, ಮೊರೆಯು ಮುಟ್ಟಿತೆಂಬ ಉತ್ತರವನ್ನು ಮೀನುಗಾರನಿಗೆ ಮರಳಿ ತಿಳಿಸಬಲ್ಲುದು. ಇದು ಸ್ವದೇಶೀ ವಿದ್ಯೆಯ ಹೆಮ್ಮೆಯ ಫಲ. ಆದರೆ ಉಪಗ್ರಹದ ಮೂಲಕ ದೂರದ ಕೇಂದ್ರಕ್ಕೆ ಸುದ್ದಿಯು ಹೋಗಿ ಹಡಗು ಹೊರಟು ಬರುವುದಕ್ಕೆ ಹೊತ್ತು ಹಿಡಿಯುವುದು; ಕೈರೇಡಿಯೋವು ಪಕ್ಕದಲ್ಲಿಯೇ ಬಲೆ ಎಳೆಯುತ್ತಿರುವ ಇನ್ನೊಬ್ಬ ತಾಂಡೇಲನನ್ನು ಕೂಡಲೇ ಕರೆಯುವುದು. ಒಂದು ದೂರದ ಬಂಧುವಾದರೆ ಇನ್ನೊಂದು ನೆರೆಮನೆಯವನು. ಎರಡೂ ಬೇಕು.

ಯಂತ್ರವನ್ನು ಹಂಚಿ ಭಾವಚಿತ್ರ ತೆಗೆಯಿಸಿಕೊಂಡ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಗುಂಡಿಯನ್ನು ಒತ್ತಿದಾಗ ಮಾತಾಡಬೇಕು, ಬಿಟ್ಟಾಗ ಕೇಳಬೇಕು. ಗಾಬರಿಯಲ್ಲಿ ಗುಂಡಿಯನ್ನು ಬಿಡದೆ ಹಿಡಿದವನಿಗೆ ಉತ್ತರವು ಕೇಳಿಸದು. ಅವನ ಯಂತ್ರವು ಇತರರ ಹಾದಿಯನ್ನೂ ಕಟ್ಟಿಹಾಕುವುದು. ಮಾತಾಡುವಾಗಲೇ ಬ್ಯಾಟರಿಯು ಹೆಚ್ಚು ಖರ್ಚಾಗುವುದರಿಂದ ಮಿತವಾಗಿ ನುಡಿದು ಕಿವಿಗೊಟ್ಟು ಕಾಯಬೇಕು. ಇವು ಒಂದು ಮಧ್ಯಾಹ್ನದ ಪಾಠಗಳು. ಆದರೆ ಕಲಿಸುವವರಿಲ್ಲದಿದ್ದರೆ ಪ್ರಾಣಕ್ಕೆ ಎರವಾಗುವ ಪಾಠಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಯಾಂತ್ರಿಕ ದೋಣಿಗಳು ನಿಷೇಧದ ನಿಮಿತ್ತ ದಡದಲ್ಲಿರುತ್ತವೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರಗಳ ಬಂದರುಗಳಲ್ಲಿ ಈ ದಿನಗಳಲ್ಲಿ ಮೀನುಗಾರಿಕೆ ಇಲಾಖೆಯವರು ತರಬೇತಿಯನ್ನು ಏರ್ಪಡಿಸುವುದಕ್ಕೆ ಅಡ್ಡಿಯೇನು?

ಭಾಷೆಯ ಮಾತನ್ನೂ ಹೇಳಲೇಬೇಕು. ಸಾಯುವ ಗಳಿಗೆಯಲ್ಲಿ ಮನುಷ್ಯನು ಕಲಿತ ಭಾಷೆಯಲ್ಲಿ ಕೂಗುವುದಿಲ್ಲ; ತಾಯಿಯ ಭಾಷೆಯಲ್ಲಿ ಕೂಗುತ್ತಾನೆ. ‘ಮೇಡೇ’ ಎಂಬ ಒಂದು ಶಬ್ದವನ್ನು ಎಲ್ಲರೂ ಕಲಿಯಲಿ. ಉಳಿದುದನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಹೇಳಿದರೆ ತಿಳಿಯಬಲ್ಲವರು ನಮ್ಮ ಕರಾವಳಿಯ ಕೇಂದ್ರಗಳಲ್ಲಿ ಹಗಲಿರುಳೂ ಇರಲಿ. ರೇಡಿಯೋವಿನ ಪರವಾನಗಿಯ ಅರ್ಜಿಯೂ ಪಾಠದ ಪುಸ್ತಕವೂ ಕನ್ನಡದಲ್ಲಿ ದೊರೆಯಲಿ. ಪ್ರಜೆಯ ಭಾಷೆಯನ್ನರಿಯದ ರಕ್ಷಣೆಯು ಅರ್ಧ ರಕ್ಷಣೆಯೇ.

ಮೀನುಗಾರ ಬಂಧುಗಳಿಗೂ ಒಂದು ವಿಜ್ಞಾಪನೆಯಿದೆ. 16ನೆಯ ಚಾನೆಲ್ಲು ಮೀನಿನ ದರವನ್ನೂ ಮನೆಯ ಸುದ್ದಿಯನ್ನೂ ಮಾತಾಡುವ ಜಗಲಿಯಲ್ಲ. ಅಲ್ಲಿ ಹರಟೆ ತುಂಬಿದ್ದರೆ ನೆರೆಯವನ ಮೊರೆಯು ಅದರಲ್ಲಿ ಮುಳುಗಿಹೋಗುವುದು. ಇದನ್ನು ಸರಕಾರದ ದಂಡಕ್ಕೆ ಬಿಡದೆ ಮೀನುಗಾರರ ಸಂಘಗಳೇ ಕಟ್ಟುಪಾಡಾಗಿ ವಿಧಿಸಿಕೊಳ್ಳುವುದು ಲೇಸು.

ಇಷ್ಟೆಲ್ಲ ವೆಚ್ಚವನ್ನು ಯಾರು ಹೊರಬೇಕೆಂದು ಅಧಿಕಾರಿಗಳು ಕೇಳಬಹುದು. ದೋಣಿ ಮುಳುಗಿದ ಮೇಲೆ ಹಡಗು, ವಿಮಾನಗಳ ಶೋಧಕ್ಕೂ, ಅನಾಥ ಕುಟುಂಬಗಳ ಪರಿಹಾರಕ್ಕೂ ಬೊಕ್ಕಸದಿಂದ ಹಣ ಹೊರಡುವುದಷ್ಟೆ. ಅದರ ಒಂದಂಶವನ್ನು ಮೊದಲೇ ವೆಚ್ಚಮಾಡುವುದು ದಾನವಲ್ಲ, ವಿವೇಕ. ದೋಣಿಯೊಂದಕ್ಕೆ ಒಂದು ಕೈರೇಡಿಯೋ, ಅದನ್ನು ಬಳಸಬಲ್ಲ ಇಬ್ಬರು ಮನುಷ್ಯರು, ದಡದಲ್ಲಿ ನಿದ್ರಿಸದ ಒಂದು ಕಿವಿ: ಇಷ್ಟನ್ನೇ ನಾವು ಬೇಡುವುದು. ಬರುವ ಆಗಸ್ಟಿನಲ್ಲಿ ದೋಣಿಗಳು ಅಳಿವೆಯನ್ನು ದಾಟುವ ಮುನ್ನ ಕರ್ನಾಟಕ ಸರಕಾರವು ಈ ಕಾರ್ಯಕ್ಕೆ ಕೈಹಾಕುವುದೆಂದು ಹಾರೈಸುತ್ತೇವೆ.