ಪುಕ್ಕಟೆಯೆಂದು ಹಳಿಯುವ ಮುನ್ನ

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಮ್ಮ ವಾಚನಾಲಯದ ಎರಡು ಗಣಕಯಂತ್ರಗಳ ವಿಚಾರ ಬಂತು. ಅವುಗಳೊಳಗಿನ ಆಪರೇಟಿಂಗ್ ಸಿಸ್ಟಂಗೆ ಕಂಪೆನಿಯ ಬೆಂಬಲ ನಿಂತಿದೆ. ಯಂತ್ರಗಳನ್ನು ಗುಜರಿಗೆ ಹಾಕಿ ಹೊಸವನ್ನು ಕೊಳ್ಳಬೇಕು. ಅದಕ್ಕೆ ರಾಜ್ಯೋತ್ಸವದ ನಿಧಿಯಿಂದ ಹಣ ತೆಗೆಯಬೇಕು ಎಂಬುದು ಸೂಚನೆ. ನಾವು ಎದ್ದು, ಯಂತ್ರಗಳು ಗಟ್ಟಿಯಾಗಿವೆ, ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ನಡೆದಾವು, ಅದಕ್ಕೆ ಕಾಸು ಕೊಡಬೇಕಿಲ್ಲ ಎಂದೆವು. ಹಿರಿಯರೊಬ್ಬರು ನಕ್ಕು, “ಪುಕ್ಕಟ ಸಿಕ್ಕದ್ದಕ್ಕ ಕಿಮ್ಮತ್ತು ಇರೂದಿಲ್ರಿ” ಎಂದರು. ಸಭೆಯೂ ನಕ್ಕಿತು. ವಿಷಯ ಮುಂದಿನ ಸಭೆಗೆ ಹೋಯಿತು.

ಆ ನಗುವಿಗೆ ಉತ್ತರವಾಗಿ ಈ ಲೇಖನ. ನಾವು ಗಣಕತಜ್ಞರಲ್ಲ. ಎಂದೋ ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತ ಈ ಊರಿನಲ್ಲಿ ತಲೆ ನರೆಸಿಕೊಂಡವರು. ಆದರೆ ಯಾವುದಕ್ಕೆ ಬೆಲೆ ಇದೆ, ಯಾವುದಕ್ಕಿಲ್ಲ ಎಂದು ತೀರ್ಪು ಕೊಡುವ ಮೊದಲು ಕಡತವನ್ನು ಒಮ್ಮೆ ಓದಬೇಕೆಂಬುದನ್ನು ಗುಮಾಸ್ತಿಕೆಯೇ ನಮಗೆ ಕಲಿಸಿದೆ.

ಆಪರೇಟಿಂಗ್ ಸಿಸ್ಟಂ ಎಂದರೆ ಕಚೇರಿಯ ಹೆಡ್ ಕ್ಲಾರ್ಕ್ ಇದ್ದಂತೆ. ಯಾರ ಮೇಜಿಗೆ ಯಾವ ಕಡತ, ಯಾರಿಗೆ ಎಷ್ಟು ಹೊತ್ತು, ಯಾವ ಬೀರು ಯಾರಿಗೆ ಎಂಬುದನ್ನು ಅದು ನಿರ್ಧರಿಸುತ್ತದೆ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಹಾಗೂ ಡೆನಿಸ್ ರಿಚಿ ಎಂಬವರು ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಅಂಥದೊಂದನ್ನು ಕಟ್ಟತೊಡಗಿದರು. ಅದೇ ಯುನಿಕ್ಸ್. 1973ರಲ್ಲಿ ಅದನ್ನು ರಿಚಿಯವರ ಸಿ ಭಾಷೆಯಲ್ಲಿ ಮತ್ತೆ ಬರೆದದ್ದರಿಂದ ಅದು ಒಂದೇ ಯಂತ್ರಕ್ಕೆ ಅಂಟಿಕೊಳ್ಳದೆ, ಯಂತ್ರದಿಂದ ಯಂತ್ರಕ್ಕೆ ದಾಟುವಂತಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೆಲ್ ಪ್ರಯೋಗಾಲಯದ ಒಡೆತನದಲ್ಲಿ ಪಾಲಿದ್ದ ಎಟಿ ಅಂಡ್ ಟಿ ದೂರವಾಣಿ ಕಂಪೆನಿಗೆ ಇದನ್ನು ಮಾರುವ ದಾರಿ ಇರಲಿಲ್ಲ. 1956ರ ನ್ಯಾಯಾಲಯದ ಒಪ್ಪಂದವೊಂದು ಅದನ್ನು ದೂರವಾಣಿಯ ಕಸುಬಿಗೆ ಕಟ್ಟಿಹಾಕಿತ್ತು. ಹೀಗಾಗಿ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲ ಬರಹದ ಸಮೇತ, ಯುನಿಕ್ಸ್ ಸಿಕ್ಕಿತು. ಕೆಟ್ಟರೆ ರಿಪೇರಿ ಮಾಡಿಕೊಡುವ ಹೊಣೆಯನ್ನು ಮಾತ್ರ ಕಂಪೆನಿ ಹೊರಲಿಲ್ಲ. ಪಡೆದವರು ತಾವೇ ಓದಿದರು, ತಿದ್ದಿದರು, ತಿದ್ದಿದ್ದನ್ನು ಪರಸ್ಪರ ಹಂಚಿಕೊಂಡರು. ಹೆಪ್ಪು ಕೊಟ್ಟ ಮನೆಯ ಮೊಸರು ಕಡಿಮೆಯಾಗಲಿಲ್ಲ. ಪಡೆದ ಮನೆಗಳಲ್ಲೆಲ್ಲ ಮೊಸರಾಯಿತು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಮತ್ತು ಗೆಳೆಯರು ಬೆಳೆಸಿದ ಬಿಎಸ್‌ಡಿ ಎಂಬ ಕವಲು 1983ರಲ್ಲಿ ಇಂಟರ್‌ನೆಟ್ಟಿನ ಸಂಪರ್ಕ ನಿಯಮಗಳನ್ನು ತನ್ನೊಳಗೆ ಸೇರಿಸಿಕೊಂಡು ಹೊರಬಂತು.

ಬೇಲಿ ಬಿದ್ದಾಗ ಏನಾಯಿತೆಂಬುದನ್ನೂ ನೋಡಿ. ಆಸ್ಟ್ರೇಲಿಯದ ಪ್ರಾಧ್ಯಾಪಕ ಜಾನ್ ಲಯನ್ಸ್ ಯುನಿಕ್ಸಿನ ಮೂಲ ಬರಹಕ್ಕೆ ಸಾಲು ಸಾಲಾಗಿ ಟೀಕೆ ಬರೆದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. 1979ರ ಏಳನೆಯ ಆವೃತ್ತಿಯ ಕರಾರು ಮೂಲ ಬರಹವನ್ನು ತರಗತಿಯಲ್ಲಿ ಓದಿಸಬಾರದೆಂದಿತು. ಆ ಪುಸ್ತಕ ಜೆರಾಕ್ಸಿನ ಜೆರಾಕ್ಸಾಗಿ ಕೈಯಿಂದ ಕೈಗೆ ಹೋಗಿ, 1996ರಲ್ಲಷ್ಟೇ ಬಹಿರಂಗವಾಗಿ ಅಚ್ಚಾಯಿತು. 1984ರಲ್ಲಿ ಎಟಿ ಅಂಡ್ ಟಿ ಒಡೆದು, ಗಣಕ ವ್ಯಾಪಾರಕ್ಕೆ ಇಳಿಯಲು ಅದಕ್ಕೆ ಅನುಮತಿ ಸಿಕ್ಕಿತು. ಕೂಡಲೇ ಯುನಿಕ್ಸ್ ಸರಕಾಯಿತು. 1992ರಲ್ಲಿ ಅದರದೇ ಅಂಗಸಂಸ್ಥೆ ಬಿಎಸ್‌ಡಿಯ ಮೇಲೆ ಮೊಕದ್ದಮೆ ಹೂಡಿತು. 1994ರಲ್ಲಿ ರಾಜಿಯಾದಾಗ, ಸುಮಾರು 18,000 ಕಡತಗಳ ಪೈಕಿ ತೆಗೆದುಹಾಕಬೇಕಾದವು ಎಷ್ಟು? ಮೂರು! ಉಳಿದ ಕೆಲವಕ್ಕೆ ಸಣ್ಣಪುಟ್ಟ ತಿದ್ದುಪಡಿ, ಎಪ್ಪತ್ತರಷ್ಟಕ್ಕೆ ಹಕ್ಕಿನ ಮುದ್ರೆ. ಮೂರು ಕಡತಗಳಿಗಾಗಿ ಇಡೀ ಮನೆಗೆ ಬೀಗ ಹಾಕಿಸಲು ಹೊರಟವರನ್ನು ನಾವು ಕಚೇರಿಯಲ್ಲೂ ಕಂಡಿದ್ದೇವೆ.

ಅಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿ, 1989ರಲ್ಲಿ ಒಂದು ಪರವಾನಗಿಯನ್ನು ರೂಪಿಸಿದರು: ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿ; ಆದರೆ ಮುಂದೆ ಕೊಡುವಾಗ ಮೂಲ ಬರಹವನ್ನು ಬಚ್ಚಿಡಬೇಡಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ 1992ರಲ್ಲಿ ಇದೇ ಪರವಾನಗಿಗೆ ಬಂತು. 2017ರ ನವೆಂಬರಿನಿಂದ ಜಗತ್ತಿನ ಐನೂರು ಮಹಾಗಣಕಗಳ ಪಟ್ಟಿಯಲ್ಲಿ ಎಲ್ಲವೂ ನಡೆಯುವುದು ಲಿನಕ್ಸ್ ಮೇಲೆ. ನಮ್ಮ ಹಿರಿಯರ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಕಿಮ್ಮತ್ತಿಲ್ಲದ್ದನ್ನು ಅವರು ದಿನವಿಡೀ ಎದೆಗೊತ್ತಿಕೊಂಡೇ ಓಡಾಡುತ್ತಿದ್ದಾರೆ.

ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಒಪ್ಪೋಣ. ಯಾವುದೂ ನಿಜವಾಗಿ ಪುಕ್ಕಟೆಯಲ್ಲ. ಬರ್ಕ್ಲಿಯ ಕೆಲಸಕ್ಕೆ ಅಮೆರಿಕದ ರಕ್ಷಣಾ ಇಲಾಖೆ ಹಣ ಕೊಟ್ಟಿತು. ಲಿನಕ್ಸ್ ತಿದ್ದುವ ಅನೇಕರಿಗೆ ಇಂದು ದೊಡ್ಡ ಕಂಪೆನಿಗಳೇ ಸಂಬಳ ಕೊಡುತ್ತವೆ. ಊರ ಕೆರೆಯೂ ಪುಕ್ಕಟೆಯಲ್ಲ. ಯಾರೋ ಅಗೆದರು, ಯಾರೋ ಏರಿ ಕಟ್ಟಿದರು, ವರ್ಷವರ್ಷ ಹೂಳು ತೆಗೆಯುವವರೂ ಬೇಕು. ಆದರೆ ಕೆರೆಗೆ ಬೀಗವಿಲ್ಲ.

ಇನ್ನು ನಮ್ಮ ಮನೆಯ ವಿಚಾರ. ವಾಚನಾಲಯದ ಎರಡನೆಯ ಯಂತ್ರದಲ್ಲಿರುವುದು ಕಾಸು ಕೊಟ್ಟು ತಂದದ್ದಲ್ಲ, ಯಾರೋ ಪರಿಚಿತರು ‘ಹಾಕಿಕೊಟ್ಟ’ ಪ್ರತಿ. ಇದು ಸಮಿತಿಗೆ ಗೊತ್ತು, ನಮಗೂ ಗೊತ್ತು. ಕೊಟ್ಟವರು ಸಂತೋಷದಿಂದ ಕೊಟ್ಟದ್ದಕ್ಕೆ ಕಿಮ್ಮತ್ತಿಲ್ಲ, ಕದ್ದದ್ದಕ್ಕೆ ಕಿಮ್ಮತ್ತಿದೆ ಎಂಬುದು ಯಾವ ನ್ಯಾಯ? ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು ಅದೇ ಯಂತ್ರದ ಮುಂದೆ ಕೂರುತ್ತಾರೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದು. ಈ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಒಂದೇ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತಿದ್ದ ಹಳೆಯ ತಂತ್ರಾಂಶದಲ್ಲಿ, ಅದರದೇ ಫಾಂಟಿನಲ್ಲಿ ಬೆರಳಚ್ಚಾದವು. ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ದಿವಂಗತರಾದ ಸದಸ್ಯರ ಲೇಖನಗಳು ಅದರೊಳಗಿವೆ. ಕನ್ನಡಕ್ಕೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ. ಆದರೂ ಒಬ್ಬರ ಪೆಟ್ಟಿಗೆಯಲ್ಲಿ ಮಾತ್ರ ತೆರೆಯುವ ಬರಹಕ್ಕೆ ನಾವು ಒಗ್ಗಿಕೊಂಡೆವು. ಲಿನಕ್ಸ್ ಹಾಕಿದೊಡನೆ ಹಳೆಯದೆಲ್ಲ ಓದಲು ಬರುತ್ತದೆಂದು ನಾವು ಹೇಳುವುದಿಲ್ಲ. ಅವುಗಳನ್ನು ಕೂತು ಪರಿವರ್ತಿಸಬೇಕು. ಆದರೆ ಮುಂದಿನ ಸಂಚಿಕೆಗಳಿಗೂ ಅದೇ ಗತಿ ಬರಬಾರದು.

ತೊಡಕುಗಳಿಲ್ಲವೇ? ಇವೆ. ಪತ್ರಿಕೆಯ ಪುಟವಿನ್ಯಾಸಕ್ಕೆ ಬಳಸುವ ತಂತ್ರಾಂಶ ಅಲ್ಲಿ ಓಡದಿರಬಹುದು. ಹಳೆಯ ಪ್ರಿಂಟರ್ ಹಟ ಹಿಡಿಯಬಹುದು. ಕೇರಳದ ಸರಕಾರಿ ಶಾಲೆಗಳು ಇಂಥ ತೊಡಕುಗಳನ್ನು ದಾಟಿಯೇ ಲಿನಕ್ಸಿನಲ್ಲಿ ಪಾಠ ಹೇಳುತ್ತಿವೆ. ನಮ್ಮದೇ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಭಾರತೀಯ ಭಾಷೆಗಳಿಗಾಗಿ ಬಾಸ್ ಎಂಬ ಲಿನಕ್ಸನ್ನು ಹೊರತಂದಿತು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರಕಾರ 2015ರಲ್ಲಿ ನೀತಿಯನ್ನೇ ಹೊರಡಿಸಿತು. ನೀತಿ ಕಡತದಲ್ಲಿ ಮಲಗಿದರೆ ಎಬ್ಬಿಸುವವರು ನಮ್ಮಂಥವರೇ.

ಆದ್ದರಿಂದ ಸಮಿತಿಯಲ್ಲಿ ನಮ್ಮ ವಿನಂತಿ ಇಷ್ಟೆ: ರಾಜ್ಯೋತ್ಸವದ ನಿಧಿಯನ್ನು ಮುಟ್ಟಬೇಡಿ. ಎರಡರಲ್ಲಿ ಒಂದು ಯಂತ್ರವನ್ನು ಆರು ತಿಂಗಳ ಮಟ್ಟಿಗೆ ಮಕ್ಕಳ ತರಗತಿಗೆ ಲಿನಕ್ಸ್ ಹಾಕಿ ಕೊಡಿ. ಹಾಕುವ ಕೆಲಸವೂ ಕಲಿಸುವ ಕೆಲಸವೂ ನಮ್ಮದು. ಮುಂದಿನ ಸಭೆಗೆ ಪೆನ್‌ಡ್ರೈವ್ ತರುತ್ತೇವೆ. ಯಂತ್ರದೊಳಗಿನ ಒಂದು ಕಡತವನ್ನೂ ಮುಟ್ಟದೆ ಅದರಿಂದಲೇ ನಡೆಸಿ ತೋರಿಸಬಹುದು. ಹಿರಿಯರು ದಯಮಾಡಿ ಮೊದಲ ಸಾಲಿನಲ್ಲಿ ಕುಳಿತು ನೋಡಲಿ. ಆಮೇಲೂ ನಗು ಬಂದರೆ ಧಾರಾಳವಾಗಿ ನಗಲಿ.