ಬೀದರದ ಕೆಂಪು ಮಣ್ಣಿಗೆ ಗ್ರಾನೈಟಿನ ಹೆಸರು ಬೇಡ

ಹೋದ ತಿಂಗಳು ಯಾದಗಿರಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ್ದ. ರಸ್ತೆ ಕಾಮಗಾರಿಯ ಮೇಲ್ವಿಚಾರಣೆ ಅವನ ಉದ್ಯೋಗ. ಕೋಟೆಬೆಟ್ಟದ ಬುಡದಲ್ಲಿ ನಿಂತು ಅಲ್ಲಿಯ ಬಂಡೆಯನ್ನೂ ಇಳಿಜಾರಿನ ಮಣ್ಣನ್ನೂ ನೋಡುತ್ತಿದ್ದಾಗ ನನ್ನ ಪಾಠ ನೆನಪಾಯಿತಂತೆ. "ಸರ್, ಕೆಂಪು ಮಣ್ಣು ಗ್ರಾನೈಟಿನಿಂದ ಆಗ್ತದ ಅಂತ ನಮಗ ಬರಸಿದ್ರಿ. ಕಿಟಕಿಯಿಂದ ಕೈ ಮಾಡಿ ಸಾಲಿ ಮುಂದಿನ ಮಣ್ಣು ತೋರಿಸಿದ್ರಿ. ಅಲ್ಲರೀ, ನಮ್ಮ ಬೀದರದಾಗ ಗ್ರಾನೈಟ್ ಎಲ್ಲಿ ಅದ?"

ಎಲ್ಲಿಯೂ ಇಲ್ಲ. ಉಳಿದ ನನ್ನ ಶಿಷ್ಯರೂ ಇದನ್ನು ಓದುವರೆಂಬ ಭರವಸೆಯಿಂದ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ: ವರ್ಷಗಟ್ಟಲೆ ನಾನು ನಿಮಗೆ ತಪ್ಪು ಪಾಠ ಹೇಳಿದೆ. ವಾಕ್ಯ ಸರಿಯಿತ್ತು, ಬೆರಳು ತೋರಿಸಿದ ಜಾಗ ತಪ್ಪಾಗಿತ್ತು. ಇದು ಪರೀಕ್ಷೆಯ ಒಂದು ಅಂಕದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ತಪ್ಪು ಹೆಸರಿನ ಆಸರೆಯಲ್ಲಿ ನಮ್ಮ ಊರಿನ ಗುಡ್ಡದ ಅಂಚುಗಳು ಕರಗುತ್ತಿವೆ. ಆದ್ದರಿಂದ ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ.

ಮೊದಲು ಯಾದಗಿರಿಯ ಮಣ್ಣನ್ನೇ ನೋಡೋಣ. ಗ್ರಾನೈಟಿನಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ ಇವೆ. ಬಿಸಿಲು ಮಳೆಗೆ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಬೆಣಚು ಕೊಳೆಯುವುದಿಲ್ಲ, ಒಡೆದು ಉಸುಕಾಗಿ ಉಳಿಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಮಳೆನೀರು ಹಗುರವಾದ ಜೇಡಿಯನ್ನು ಕೆಳಕ್ಕೆ ಒಯ್ದು ಕೆರೆಯಂಗಳಕ್ಕೆ ಸೇರಿಸುತ್ತದೆ, ಉಸುಕು ಮೇಲೆಯೇ ನಿಲ್ಲುತ್ತದೆ. ನಂದಿಬೆಟ್ಟ, ಸಾವನದುರ್ಗಗಳ ಇಳಿಜಾರಿನಲ್ಲಿ ಹಿಡಿ ಮಣ್ಣು ಎತ್ತಿದರೆ ಬೆರಳ ಸಂದಿಯಿಂದ ಸುರಿಯುವುದು ಈ ಕಾರಣಕ್ಕೆ. ಆ ಮಣ್ಣಿಗೆ ತನ್ನದೇ ಹಿಡಿತ ಕಡಿಮೆ. ಕಾಡಿನ ತರಗೆಲೆ, ಬೇರು, ಹುಲ್ಲು ಅದನ್ನು ಹಿಡಿದು ನಿಲ್ಲಿಸಿರುತ್ತವೆ. ಕಾಡು ಹೋದರೆ ಕೆಲವೇ ಮಳೆಗಾಲಗಳಲ್ಲಿ ಬಂಡೆ ಬೆತ್ತಲೆಯಾಗುತ್ತದೆ.

ಇನ್ನು ನಮ್ಮ ನೆಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ ಪದರಪದರವಾಗಿ ಆರಿ ಬಸಾಲ್ಟ್ ಆಯಿತು. ಬಸಾಲ್ಟಿನಲ್ಲಿ ಬೆಣಚಿಲ್ಲ; ಅದು ಕೊಳೆತರೆ ಉಸುಕು ಉಳಿಯುವ ಮಾತೇ ಇಲ್ಲ. ಭಾಲ್ಕಿಯ, ಔರಾದಿನ ಎರೆ ಹೊಲಗಳು ಹುಟ್ಟಿದ್ದು ಹೀಗೆ. ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಆ ಕರಿ ಮಣ್ಣಿನಲ್ಲಿ ತೊಗರಿ, ಉದ್ದು, ಸೋಯಾ, ಕಡಲೆ ಬೆಳೆದು ನೀವೆಲ್ಲ ಶಾಲೆಗೆ ಬಂದವರು.

ಬೀದರ ಪಟ್ಟಣವಿರುವ ಎತ್ತರದ ಬಯಲಿನಲ್ಲಿ ಮಾತ್ರ ಇನ್ನೊಂದು ಘಟನೆ ನಡೆಯಿತು. ಬಲು ಹಿಂದಿನ ಯಾವುದೋ ಬಿಸಿಯಾದ, ಮಳೆ ತುಂಬಿದ ಕಾಲದಲ್ಲಿ ಅದೇ ಬಸಾಲ್ಟ್ ಆಳದವರೆಗೂ ಕೊಳೆಯಿತು. ಸುಣ್ಣದ ಅಂಶ, ಮೆಗ್ನೀಸಿಯಂ, ಸಿಲಿಕಾ ಇವೆಲ್ಲ ನೀರಿನಲ್ಲಿ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದುಕೊಂಡವು. ಅದೇ ಜಂಬಿಟ್ಟಿಗೆ, ಲ್ಯಾಟರೈಟ್. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇಂಥ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಕೊಟ್ಟ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಇಟ್ಟಿಗೆ. ನೆಲದೊಳಗಿದ್ದಾಗ ಕಡಿಯಲು ಬರುತ್ತದೆ, ಗಾಳಿಗೆ ಬಿದ್ದರೆ ಗಟ್ಟಿಯಾಗುತ್ತದೆ. ಬೀದರ ಕೋಟೆಯ ಕಂದಕವನ್ನು ಕಡಿದವರಿಗೆ ಈ ಗುಣ ಬುಕಾನನನಿಗಿಂತ ಮುನ್ನೂರೈವತ್ತು ವರ್ಷ ಮೊದಲೇ ಗೊತ್ತಿತ್ತು.

ಹೀಗಿರುವಾಗ ಎರಡು ಕೆಂಪು ಮಣ್ಣುಗಳು ಒಂದೇ ಬಣ್ಣದ್ದೆಂದು ಒಂದೇ ಹೆಸರಿಡುವುದು, ಬೆಲ್ಲಕ್ಕೂ ಇಟ್ಟಿಗೆಗೂ ಬಣ್ಣ ಒಂದೇ ಎಂದು ಒಂದೇ ಡಬ್ಬಿಗೆ ಹಾಕಿದಂತೆ.

ಹೆಸರಿನಲ್ಲೇನಿದೆ ಎನ್ನುವವರಿಗೆ ನೀರಿನ ಲೆಕ್ಕ ಹೇಳುತ್ತೇನೆ. ಜಂಬಿಟ್ಟಿಗೆಯ ಮೈಯೆಲ್ಲ ತೂತು. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬೀಳುವ ನಮ್ಮ ಊರಿನಲ್ಲಿ ಆ ನೀರಿನ ಒಂದು ಪಾಲು ಈ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಬಣ್ಣಬಣ್ಣದ ಮೆತ್ತನೆಯ ಜೇಡಿಯ ಪದರವಿದೆ, ಅದರಡಿಯಲ್ಲಿ ಬಸಾಲ್ಟ್. ಜೇಡಿ ನೀರನ್ನು ಸುಲಭವಾಗಿ ಕೆಳಕ್ಕೆ ಬಿಡದು. ದಾರಿ ಕಾಣದ ನೀರು ಅಡ್ಡಕ್ಕೆ ಹರಿದು ಗುಡ್ಡದ ಅಂಚಿನಲ್ಲಿ ಹೊರಬೀಳುತ್ತದೆ. ಝರಣಿ ನರಸಿಂಹನ ಗುಹೆಯ ನೀರು, ಗುರುನಾನಕ ಝೀರಾದ ಬುಗ್ಗೆ, ಪಾಪನಾಶದ ಒರತೆ ಇವೆಲ್ಲ ಅಂಥವು. ಝರಣಿಯ ಸುರಂಗದಲ್ಲಿ ನಾನು ಎಷ್ಟೋ ಸಲ ಎದೆಮಟ್ಟದ ನೀರಿನಲ್ಲಿ ನಡೆದಿದ್ದೇನೆ. ತಲೆಯ ಮೇಲಿನ ಗುಡ್ಡವೇ ಆ ನೀರಿನ ತೊಟ್ಟಿ ಎಂದು ಆಗ ಹೊಳೆದಿರಲಿಲ್ಲ. ದೇವರ ಮಹಿಮೆ ಎಂದುಕೊಂಡೆ. ಮಹಿಮೆಯನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಆದರೆ ಆ ಮಹಿಮೆಗೆ ಗುಡ್ಡವೂ ಬೇಕು.

ಬಹಮನಿಯರ ಕಾಲದವರು ಇದನ್ನು ಅರಿತಿದ್ದರು. ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ಎರಡು ಕಿಲೋಮೀಟರಿಗೂ ಮಿಕ್ಕಿದ ನೆಲದೊಳಗಿನ ಕಾಲುವೆ. ಅಲ್ಲಲ್ಲಿ ಬೆಳಕಿಗೂ ಗಾಳಿಗೂ ತೆರೆದ ಇಪ್ಪತ್ತೊಂದು ಬಾಯಿಗಳು. ಪರ್ಷಿಯಾದಿಂದ ಬಂದ ವಿದ್ಯೆ ಇದು. ಜಂಬಿಟ್ಟಿಗೆಯೊಳಗೆ ಇಂಗಿದ ನೀರನ್ನು ಮೋಟಾರಿಲ್ಲದೆ, ನೆಲದ ಇಳಿತದಿಂದಲೇ ಊರಿಗೆ ತರುತ್ತಿತ್ತು. ದಖ್ಖನಿನ ಐತಿಹಾಸಿಕ ಜಲವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿದಾಗ ನಮ್ಮೂರಲ್ಲಿ ಹೆಮ್ಮೆಪಟ್ಟವರು ಬಹಳ. ಹೂಳು ತೆಗೆದದ್ದೂ ಆಯಿತು, ಫೋಟೋ ತೆಗೆದದ್ದೂ ಆಯಿತು. ಆದರೆ ಕಾಲುವೆ ಎಂದರೆ ನಲ್ಲಿ ಮಾತ್ರ. ಮೇಲಿನ ತೊಟ್ಟಿಯನ್ನು ಒಡೆಯುತ್ತ ಕೆಳಗಿನ ನಲ್ಲಿಯನ್ನು ತೊಳೆದರೆ ಏನು ಬಂದೀತು? ನೀರು ಇಂಗುವ ಬಯಲಿನ ಮೇಲೆ ಕಾಂಕ್ರೀಟು ಹಾಸುತ್ತೇವೆ, ಪಕ್ಕದಲ್ಲಿ ಕೊಳವೆಬಾವಿ ಇಳಿಸುತ್ತೇವೆ, ಅಂಚಿನ ಗುಡ್ಡವನ್ನು ಮುರುಮಿಗಾಗಿ ಕೆರೆಯುತ್ತೇವೆ.

ಮುರುಮ್ ಎಂಬ ಮಾತೂ ಒಂದು ಮೋಸ. ಭಾಲ್ಕಿಯಲ್ಲಿ ಮುರುಮ್ ಎಂದರೆ ಎರೆಯ ಕೆಳಗಿನ ಪುಡಿಪುಡಿಯಾದ ಬಸಾಲ್ಟ್. ಬೀದರದಲ್ಲಿ ಅದೇ ಮಾತಿಗೆ ಜಂಬಿಟ್ಟಿಗೆಯ ಕೆಂಪು ಹರಳು ಎಂದರ್ಥ. ಟ್ರ್ಯಾಕ್ಟರಿನವನಿಗೆ ಎರಡೂ ಒಂದೇ ಬೆಲೆ. "ಏನೂ ಬೆಳೆಯದ ಬರಡು ಗುಡ್ಡ, ರಸ್ತೆಗಾದರೂ ಬರಲಿ" ಎಂಬುದು ಎಲ್ಲರ ಬಾಯಲ್ಲಿರುವ ವಾದ.

ಏನೂ ಬೆಳೆಯದ್ದೇ? ಆ ಬರಡಿನಲ್ಲಿಯೇ ಸೀತಾಫಲ ಯಾರೂ ನೀರುಣಿಸದೆ ಕಾಯಿ ಬಿಡುತ್ತದೆ. ಮುತ್ತುಗ ಹೂಬಿಡುತ್ತದೆ. ಆ ಕುರುಚಲು, ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳು ಮೇಯುತ್ತವೆ; ಹೊನ್ನಿಕೇರಿಯ ಕಡೆಗೆ ಹೋದವರು ನೋಡಿರುತ್ತೀರಿ. ಮರ ಎತ್ತರವಾಗದ್ದರಿಂದ ಅದು ಕಾಡಲ್ಲ ಎನ್ನುವವರು ಮಲೆನಾಡಿನ ಚಿತ್ರ ನೋಡಿ ಕಾಡು ಕಲಿತವರು. ಗಿಡ ನೆಡುವ ಉತ್ಸಾಹಿಗಳಲ್ಲಿಯೂ ಈ ರೋಗವಿದೆ. ಯಾದಗಿರಿಯ ಉಸುಕಿಗೂ ಔರಾದಿನ ಎರೆಗೂ ಬೀದರದ ಜಂಬಿಟ್ಟಿಗೆಗೂ ಒಂದೇ ಅಳತೆಯ ಗುಂಡಿ. ಉಸುಕಿನಲ್ಲಿ ನೀರು ನಿಲ್ಲುವುದಿಲ್ಲ, ಎರೆಯಲ್ಲಿ ನಿಂತು ಬೇರು ಕೊಳೆಯುತ್ತದೆ, ಜಂಬಿಟ್ಟಿಗೆಯ ಗಟ್ಟಿ ಪದರ ಒಡೆಯದಿದ್ದರೆ ಬೇರು ಕುಂಡದೊಳಗಿನಂತೆ ಸುತ್ತಿಕೊಳ್ಳುತ್ತದೆ. ಜೂನಿನಲ್ಲಿ ನೆಟ್ಟ ಸಸಿ ಏಪ್ರಿಲಿನಲ್ಲಿ ಸತ್ತರೆ ಬೈಗುಳ ಮಾತ್ರ ಮಣ್ಣಿಗೆ.

ರಸ್ತೆ ಬೇಡವೇ, ಮನೆ ಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೋಟೆಯೂ ಈ ಕಲ್ಲನ್ನು ಕಡಿದೇ ಆದದ್ದು. ನಮ್ಮ ಹಿರಿಯರ ಮನೆಯ ಗೋಡೆಯೂ ಇದರದ್ದೇ. ನನ್ನ ಆಕ್ಷೇಪಣೆ ಕಡಿಯುವುದಕ್ಕಲ್ಲ, ಎಲ್ಲಿ ಕಡಿಯುತ್ತೇವೆಂಬುದಕ್ಕೆ. ಒರತೆಯ ನೆತ್ತಿಯ ಮೇಲೆ, ಇಳಿಜಾರಿನ ಅಂಚಿನಲ್ಲಿ, ಸುರಂಗ ಬಾವಿಯ ಹಾದಿಯಲ್ಲಿ ಯಂತ್ರ ಇಳಿಯಬಾರದು. ಹೋದ ಜಂಬಿಟ್ಟಿಗೆ ಮತ್ತೆ ಹುಟ್ಟಲು ಅಂದಿನ ಹವೆಯೂ ಬೇಕು, ಲಕ್ಷಾಂತರ ವರ್ಷಗಳೂ ಬೇಕು.

ಬೀದರಿನವರು ಮಣ್ಣು ತಿಳಿಯದವರು ಎಂದು ಯಾರೂ ಹೇಳಲಾರರು. ಬಿದರಿ ಕೆಲಸದ ಕುಶಲಿಗಳು ಸತುವಿನ ಪಾತ್ರೆಗೆ ಕಪ್ಪು ಬರಿಸಲು ಹಳೆಯ ಕೋಟೆಯ, ಬಿಸಿಲು ಮಳೆ ಕಾಣದ ಜಾಗದ ಮಣ್ಣನ್ನೇ ಹುಡುಕುತ್ತಾರೆ. ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಹಿಡಿ ಮಣ್ಣಿಗೆ ಅಷ್ಟು ಪರೀಕ್ಷೆ. ಗುಡ್ಡಕ್ಕೆ ಗುಡ್ಡವೇ ಹೋಗುವಾಗ ಒಂದು ಪ್ರಶ್ನೆಯೂ ಇಲ್ಲ.

ಇಷ್ಟೆಲ್ಲ ಬರೆಯುವ ನಾನೂ ಶುದ್ಧನಲ್ಲ. ತಮ್ಮನ ಮಗ ಮನೆ ಕಟ್ಟಿಸುವಾಗ ತಳಪಾಯ ತುಂಬಲು ಹದಿನಾಲ್ಕು ಟ್ರ್ಯಾಕ್ಟರ್ ಕೆಂಪು ಮುರುಮ್ ಬಂತು. ಅವನು ಊರಲ್ಲಿರಲಿಲ್ಲ; ನಿಂತು ಎಣಿಸಿ ಹಣ ಕೊಟ್ಟವನು ನಾನೇ. ಎಲ್ಲಿಂದ ತಂದಿರಿ ಎಂದು ಕೇಳಲಿಲ್ಲ. ಕೊನೆಯ ಟ್ರ್ಯಾಕ್ಟರಿನಲ್ಲಿ ಒಂದು ಸೀತಾಫಲದ ಗಿಡ ಬೇರುಸಹಿತ ಬಿದ್ದಿತ್ತು. ಎಲೆ ಇನ್ನೂ ಬಾಡಿರಲಿಲ್ಲ.

ಯಾದಗಿರಿಯ ಹುಡುಗನಿಗೆ ಮರುದಿನ ನಾನೇ ಫೋನು ಮಾಡಿ ತಪ್ಪೊಪ್ಪಿಕೊಂಡೆ. "ಇರಲಿ ಬಿಡ್ರಿ ಸರ್" ಎಂದು ನಕ್ಕ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಹತ್ತು ಹನ್ನೆರಡು ಮಂದಿಯಾದರೂ ಇದ್ದೀರಿ. ಮಣ್ಣಿನ ಪಾಠ ಬಂದ ದಿನ ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಭಾಲ್ಕಿ, ಔರಾದಿನವರು ಹೊಲದ ಬದುವಿಗೆ, ಬೀದರದವರು ಝರಣಿಯ ಗುಡ್ಡಕ್ಕೆ. ಒಂದು ಲೋಟ ನೀರು ಸುರಿದು, ಅದು ಎಷ್ಟು ಹೊತ್ತಿನಲ್ಲಿ ಇಂಗುತ್ತದೆಂದು ಮಕ್ಕಳಿಂದಲೇ ಎಣಿಸಿರಿ. ನಾನು ಕಿಟಕಿಯಿಂದ ಕೈ ತೋರಿಸಿದೆ. ಬಾಗಿಲು ನಾಲ್ಕು ಹೆಜ್ಜೆಯ ದೂರದಲ್ಲೇ ಇತ್ತು.